ಸಾಂಬಾ: ಮನೆಜಾಲದ ಫೈಲ್ ಹಂಚಿಕೆಯ ಪೂರ್ವಚರಿತ್ರೆ

ವಿಂಡೋಸ್, ಮ್ಯಾಕ್, ಲಿನಕ್ಸ್‌ನಂಥ ಬೇರೆ ಬೇರೆ ಕಾರ್ಯಾಚರಣೆ ವ್ಯವಸ್ಥೆಗಳ ಗಣಕಗಳು ಇಂದು ಒಂದೇ ಮನೆಯಲ್ಲಿ ಪರಸ್ಪರರ ಫೈಲುಗಳನ್ನು ತೆರೆಯಬಲ್ಲವು. ಇದರ ಮೂಲ, ಕಚೇರಿಗಳಿಗೆಂದು ರಚಿತವಾದ ಒಂದು ಪ್ರೋಟೋಕಾಲ್‌ನಲ್ಲಿ, ಎಂದರೆ ಗಣಕಗಳು ತಮ್ಮೊಳಗೆ ಸಂದೇಶ ಕಳಿಸುವಾಗ ಪಾಲಿಸುವ ನಿಯಮಾವಳಿಯಲ್ಲಿ ಇದೆ. 1980ರ ದಶಕದ ಆರಂಭದಲ್ಲಿ ಐಬಿಎಂನ ಬ್ಯಾರಿ ಫೈಗನ್‌ಬಾಮ್ ರೂಪಿಸಿದ ಈ ನಿಯಮಾವಳಿಗೆ ಸರ್ವರ್ ಮೆಸೇಜ್ ಬ್ಲಾಕ್, ಸಂಕ್ಷೇಪವಾಗಿ ಎಸ್‌ಎಂಬಿ, ಎಂದು ಹೆಸರು. ಇನ್ನೊಂದು ಗಣಕದ ಡಿಸ್ಕನ್ನು ಆಗಿನ ಪಿಸಿಗಳ ಕಾರ್ಯಾಚರಣೆ ವ್ಯವಸ್ಥೆಯಾದ ಡಾಸ್‌ನ ಬಳಕೆದಾರನಿಗೆ ತನ್ನದೇ ಮತ್ತೊಂದು ಡ್ರೈವ್ ಎಂಬಂತೆ ತೋರಿಸುವುದು ಅದರ ಕೆಲಸ. ಮೈಕ್ರೋಸಾಫ್ಟ್ ಅದನ್ನು ತನ್ನ ಲ್ಯಾನ್ ಮ್ಯಾನೇಜರ್ ತಂತ್ರಾಂಶದಲ್ಲಿ ವಿಸ್ತರಿಸಿ ಮುಂದೆ ವಿಂಡೋಸ್‌ಗೆ ತಂದರೆ, ಯುನಿಕ್ಸ್ ಗಣಕಗಳಿಗೆ ಸನ್ ಸಂಸ್ಥೆ 1984ರಲ್ಲಿ ಎನ್‌ಎಫ್‌ಎಸ್ ಎಂಬ ಬೇರೆಯದೇ ನಿಯಮಾವಳಿಯನ್ನು ಕೊಟ್ಟಿತು, ಆಪಲ್ ತನ್ನದನ್ನು ತಾನೇ ಕಟ್ಟಿಕೊಂಡಿತು.

ವ್ಯವಸ್ಥೆಗಳ ನಡುವೆ ಹೀಗೆ ಎದ್ದ ಗೋಡೆಗೆ ಕಿಂಡಿ ಕೊರೆದವರಲ್ಲೊಬ್ಬರು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಆಂಡ್ರ್ಯೂ ಟ್ರಿಜೆಲ್. ಡಿಜಿಟಲ್ ಸಂಸ್ಥೆಯ ಪಾಥ್‌ವರ್ಕ್ಸ್ ತಂತ್ರಾಂಶವಿದ್ದ ಪಿಸಿಯಿಂದ ಯುನಿಕ್ಸ್ ಗಣಕದ ಫೈಲುಗಳನ್ನು ತಲುಪಲು 1991ರ ಕೊನೆಯಲ್ಲಿ ಅವರು ಜಾಲದ ಮೇಲೆ ಹಾದುಹೋಗುವ ಸಂದೇಶಗಳನ್ನು ದಾಖಲಿಸಿ, ಯಾವ ಕೋರಿಕೆಗೆ ಯಾವ ಉತ್ತರ ಬರುತ್ತದೆಂಬುದನ್ನು ಗಮನಿಸಿ, ಅದೇ ಉತ್ತರ ಕೊಡುವ ಸರ್ವರೊಂದನ್ನು ಬರೆದು, 1992ರ ಜನವರಿಯಲ್ಲಿ ಎಲ್ಲರಿಗೂ ಬಿಡುಗಡೆ ಮಾಡಿದರು. ತಾವು ಅನುಕರಿಸಿದ್ದು ಎಸ್‌ಎಂಬಿಯನ್ನೇ ಎಂಬ ಅರಿವು ಆಗ ಅವರಿಗಿರಲಿಲ್ಲ. ಭಾಷೆ ಬಾರದವನು ಫ್ರೆಂಚ್ ಕೆಫೆಯಲ್ಲಿ ಕುಳಿತು, ಗಿರಾಕಿ ಏನೆಂದರೆ ಮಾಣಿ ಏನು ತರುತ್ತಾನೆಂದು ನೋಡಿ ಕಲಿಯುವ ಬಗೆಗೆ ಟ್ರಿಜೆಲ್ ಈ ವಿಧಾನವನ್ನು ಮುಂದೆ ಹೋಲಿಸಿದರು. ಸುಮಾರು ಎರಡು ವರ್ಷಗಳ ಬಳಿಕ ಕೆಲಸ ಮತ್ತೆ ಆರಂಭವಾದಾಗ, ಎಸ್‌ಎಂಬಿಸರ್ವರ್ ಎಂಬ ಹೆಸರಿಗೆ ಬೇರೊಂದು ಕಂಪನಿಯ ಹಕ್ಕಿದ್ದುದರಿಂದ, ಎಸ್, ಎಂ, ಬಿ ಎಂಬ ಮೂರು ಅಕ್ಷರಗಳು ಕ್ರಮವಾಗಿ ಬರುವ ಪದಗಳನ್ನು ಗಣಕದ ನಿಘಂಟಿನಲ್ಲಿ ಹುಡುಕಿ ಸಾಂಬಾ ಎಂಬುದನ್ನು ಆರಿಸಲಾಯಿತು.

ಸಂದೇಶದ ರೂಪ ತಿಳಿದ ಮಾತ್ರಕ್ಕೆ ತೊಡಕು ತೀರಲಿಲ್ಲ. ಯುನಿಕ್ಸ್‌ನಲ್ಲಿ ರೋಮನ್ ಲಿಪಿಯ ದೊಡ್ಡಕ್ಷರ, ಚಿಕ್ಕಕ್ಷರಗಳಲ್ಲಿ ಬರೆದ ಹೆಸರುಗಳು ಬೇರೆ ಬೇರೆ ಫೈಲುಗಳು, ವಿಂಡೋಸ್‌ಗೆ ಅವೆರಡೂ ಒಂದೇ. ಹೀಗಾಗಿ ಒಂದು ಫೈಲಿಗಾಗಿ ಇಡೀ ಕಡತಕೋಶವನ್ನೇ ತಡಕುವ ಹೊರೆ ಸಾಂಬಾದ ಮೇಲೆ ಬೀಳುತ್ತಿತ್ತು. ಡಾಸ್‌ನ ಆರ್ಕೈವ್, ಸಿಸ್ಟಮ್, ಹಿಡನ್ ಎಂಬ ಗುರುತುಗಳಿಗೆ ಯುನಿಕ್ಸ್‌ನಲ್ಲಿ ಸ್ಥಳವೇ ಇಲ್ಲದ ಕಾರಣ, ಫೈಲನ್ನು ಕಾರ್ಯಕ್ರಮವಾಗಿ ಓಡಿಸುವ ಅನುಮತಿಯ ಮೂರು ಬಿಟ್‌ಗಳಲ್ಲಿ ಅವನ್ನು ಅಡಗಿಸಿಡಲಾಯಿತು. ವಿಂಡೋಸ್‌ನಿಂದ ಬಂದ ಸಾಧಾರಣ ಪತ್ರವೊಂದು ಯುನಿಕ್ಸ್ ಮಾದರಿಯ ಲಿನಕ್ಸ್‌ನಲ್ಲಿ ಓಡಿಸಬಹುದಾದ ಕಾರ್ಯಕ್ರಮದಂತೆ ಕಾಣುತ್ತಿದ್ದ ವಿಚಿತ್ರದ ಹಿಂದೆ ಈ ಜಾಣ ಆದರೆ ಅರೆಬರೆ ಉಪಾಯವಿತ್ತು.

ಕದ್ದುಕೇಳುವ ಈ ಕಾಲ ಕೊನೆಗೊಂಡದ್ದು ನ್ಯಾಯಾಲಯದಿಂದ. ಪ್ರೋಟೋಕಾಲ್ ಮಾಹಿತಿಯನ್ನು ಪ್ರತಿಸ್ಪರ್ಧಿಗಳಿಗೆ ಕೊಡಬೇಕೆಂದು 2004ರಲ್ಲಿ ಯುರೋಪಿಯನ್ ಕಮಿಷನ್ ಮೈಕ್ರೋಸಾಫ್ಟ್‌ಗೆ ವಿಧಿಸಿದ ಆದೇಶವನ್ನು 2007ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಎತ್ತಿಹಿಡಿಯಿತು; ಅದೇ ಡಿಸೆಂಬರ್‌ನಲ್ಲಿ 10,000 ಯೂರೋಗಳ ಒಂದಾವರ್ತಿ ಶುಲ್ಕಕ್ಕೆ ಸಾಂಬಾ ಬರೆಯುವವರಿಗೆ ಆ ದಾಖಲೆಗಳು ದೊರೆತವು.

ಅಷ್ಟರಲ್ಲಿ ಜಾಲಕ್ಕೆ ನೇರವಾಗಿ ಜೋಡಿಸುವ ಡಿಸ್ಕ್ ಪೆಟ್ಟಿಗೆಗಳ ಒಳಗೆ ಲಿನಕ್ಸ್‌ನೊಂದಿಗೆ ಸೇರಿಕೊಂಡು ಸಾಂಬಾ ಮನೆಗಳನ್ನು ಹೊಕ್ಕಿತ್ತು. 2002ರಿಂದ ಅದನ್ನು ಮ್ಯಾಕ್‌ನಲ್ಲಿ ಬಳಸಿದ್ದ ಆಪಲ್, 2011ರಲ್ಲಿ ಅದನ್ನು ಬಿಟ್ಟು ಸ್ವಂತ ತಂತ್ರಾಂಶ ಬರೆದುಕೊಂಡಿತಾದರೂ ಎಸ್‌ಎಂಬಿಯನ್ನು ಬಿಡಲಿಲ್ಲ. 2013ರಲ್ಲಿ ತನ್ನದೇ ಹಳೆಯ ಪ್ರೋಟೋಕಾಲನ್ನು ಹಿಂದೆ ಸರಿಸಿ ಎಸ್‌ಎಂಬಿಯ ಎರಡನೆಯ ಆವೃತ್ತಿಗೆ ಮೊದಲ ಸ್ಥಾನ ಕೊಟ್ಟಿತು. ಮೊದಲ ಆವೃತ್ತಿಯ ದೋಷವನ್ನು ಹಿಡಿದು 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸೈಬರ್ ದಾಳಿ ಹರಡಿತು. ಆ ವರ್ಷದ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ಮೈಕ್ರೋಸಾಫ್ಟ್ ಆ ಮೊದಲ ಆವೃತ್ತಿಯನ್ನು ಕ್ರಮೇಣ ತೆಗೆಯತೊಡಗಿದಾಗ, ಹಳೆಯ ನಿಯಮಾವಳಿಯನ್ನಷ್ಟೇ ಬಲ್ಲ ಡಿಸ್ಕ್ ಪೆಟ್ಟಿಗೆಗಳು ಸುಸ್ಥಿತಿಯಲ್ಲಿದ್ದೂ ಹೊಸ ಗಣಕಗಳ ಪಾಲಿಗೆ ಇಲ್ಲವಾದವು.