ಬೀಜಿಂಗಿನ ಹುಟೊಂಗ್‌ಗಳು

ಚೀನಾದ ರಾಜಧಾನಿ ಬೀಜಿಂಗಿನ ಹಳೆಯ ಓಣಿಗಳು ಮತ್ತು ಅವುಗಳ ಇಕ್ಕೆಲದ ವಸತಿ ಕೇರಿಗಳು. ಮಂಗೋಲ್ ದೊರೆ ಕುಬ್ಲಾಯ್ ಖಾನ್ 1267ರಲ್ಲಿ ಇಲ್ಲಿಯೇ ಕಟ್ಟಿಸತೊಡಗಿದ ತನ್ನ ರಾಜಧಾನಿ ದಾದು ನಗರದ ಬೀದಿ ವಿನ್ಯಾಸ ಇವುಗಳ ಮೂಲ. ಹೆಚ್ಚಿನವು ಪೂರ್ವ–ಪಶ್ಚಿಮವಾಗಿ ಸಾಗುವುದರಿಂದ ಮನೆಗಳ ಮುಖ್ಯ ಕಟ್ಟಡ ದಕ್ಷಿಣಕ್ಕೆ ಮುಖಮಾಡಿ ಚಳಿಗಾಲದ ಬಿಸಿಲು ಪಡೆಯುತ್ತದೆ, ಉತ್ತರದ ಶೀತಗಾಳಿಗೆ ಬೆನ್ನು ಕೊಡುತ್ತದೆ. ನಡುವೆ ಅಂಗಳ, ನಾಲ್ಕೂ ಕಡೆ ಕೋಣೆಗಳಿರುವ ಈ ಮನೆಗಳು ಸಿಹೆಯುವಾನ್.

ಓಣಿಗಳನ್ನು ಅರಿಯಲು ಕಾಲ್ನಡಿಗೆಯೇ ಸರಿ, ಅದೂ ನಿಧಾನವಾಗಿ. ನಗಾರಿ ಗೋಪುರದ ಬಳಿಯ ನಾನ್‌ಲೋಗುಶಿಯಾಂಗ್ ಉತ್ತರ–ದಕ್ಷಿಣವಾಗಿ ಸುಮಾರು 800 ಮೀಟರ್ ಉದ್ದವಿದೆ. ಎರಡೂ ಬದಿಗೆ ಎಂಟೆಂಟು ಹುಟೊಂಗ್‌ಗಳು ಕವಲೊಡೆಯುತ್ತವೆ. ಈಗ ಈ ಬೀದಿ ಅಂಗಡಿಗಳ ಸಾಲು, ನೋಡತಕ್ಕದ್ದು ಕವಲುಗಳನ್ನೇ. ಪಶ್ಚಿಮದ ಮಾವೊ'ಅರ್ ಹುಟೊಂಗ್‌ನಲ್ಲಿ ಕೊನೆಯ ಸಾಮ್ರಾಜ್ಞಿ ವಾನ್‌ರೊಂಗ್‌ಳ ತವರುಮನೆಯಿದೆ. ಬೂದು ಇಟ್ಟಿಗೆಯ ಗೋಡೆಗಳ ನಡುವೆ ಕಣ್ಣು ನಿಲ್ಲುವುದು ಬಾಗಿಲುಗಳ ಮೇಲೆ: ಹೊಸ್ತಿಲಿನ ಎರಡೂ ತುದಿಗೆ ನಗಾರಿಯಾಕಾರದ ಅಥವಾ ಚೌಕಾಕಾರದ ಕೆತ್ತನೆಗಲ್ಲುಗಳು, ಒಳಗೆ ದಾರಿಹೋಕರ ನೋಟ ತಡೆಯುವ ಮರೆಗೋಡೆ. ಒಂದು ಕುಟುಂಬಕ್ಕೆಂದು ಕಟ್ಟಿದ ಅಂಗಳಗಳಲ್ಲಿ 1949ರ ನಂತರ ಹಲವು ಕುಟುಂಬಗಳು ನೆಲೆಸಿದವು. ಅನೇಕ ಮನೆಗಳಲ್ಲಿ ಸ್ವಂತ ಶೌಚಾಲಯವಿಲ್ಲ. ಓಣಿಯ ಸಾರ್ವಜನಿಕ ಶೌಚಾಲಯಗಳೇ ಆಧಾರ. ಓಣಿಗಳ ಸೊಬಗನ್ನು ಹೊಗಳುವವರು ಇದನ್ನು ಮರೆಯಬಾರದು.

1990ರ ದಶಕದಿಂದ ರಸ್ತೆ, ಬಹುಮಹಡಿ ಕಟ್ಟಡಗಳಿಗಾಗಿ ಅಸಂಖ್ಯ ಓಣಿಗಳು ನೆಲಸಮವಾದವು. ಇದು ತುಂಬಲಾರದ ನಷ್ಟ. ಬೇರೆ ದಾರಿಯೂ ಇತ್ತೆಂಬುದಕ್ಕೆ ಜ್ಯು'ಅರ್ ಹುಟೊಂಗ್ ಸಾಕ್ಷಿ: ಅಲ್ಲಿ ವಾಸ್ತುಶಿಲ್ಪಿ ವೂ ಲಿಯಾಂಗ್‌ಯೊಂಗ್ ಅಂಗಳದ ವಿನ್ಯಾಸವನ್ನು ಉಳಿಸಿಕೊಂಡೇ ಎರಡು–ಮೂರು ಅಂತಸ್ತಿನ ಹೊಸ ವಸತಿಗಳನ್ನು ರೂಪಿಸಿದರು.