ಹಳೇ ಟ್ರ್ಯಾಕ್ಟರ್ 6 ವೋಲ್ಟ್‌ನಿಂದ 12 ವೋಲ್ಟ್‌ಗೆ: ಏನೇನು ಬದಲಾಗುತ್ತೆ, ಎಲ್ಲಿ ಹುಷಾರಾಗಿರಬೇಕು?

6 ವೋಲ್ಟ್ ಅಂದ್ರೆ ಮೈಸೂರು ಭಾಗದ ಹಳೇ ಮೆಕ್ಯಾನಿಕ್‌ಗಳಿಗೆ ತಕ್ಷಣ ನೆನಪಾಗೋದು ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿ ಬೈಕ್‌ಗಳು. ಮಂಕು ಹೆಡ್‌ಲೈಟು, ಸಣ್ಣ ದನಿಯ ಹಾರನ್ನು. ಇದೇ ಕಾಟ ಅಮೆರಿಕದ ಹಳೇ ಪೆಟ್ರೋಲ್ ಟ್ರ್ಯಾಕ್ಟರ್‌ಗಳಿಗೂ ಇದೆ. ಅಲ್ಲಿ ಈ ವೋಲ್ಟೇಜ್ ಬದಲಾವಣೆಯನ್ನು ಹೆಚ್ಚಾಗಿ ಮಾಡಿಸಿಕೊಂಡ ಗಾಡಿಗಳಲ್ಲಿ ಫೋರ್ಡ್ 8ಎನ್ ಒಂದು.

ಯಾವುದು ಈ ಗಾಡಿ?

ಫೋರ್ಡ್ ಕಂಪನಿ ಮಿಶಿಗನ್ ರಾಜ್ಯದಲ್ಲಿ 1947ರಿಂದ 1952ರವರೆಗೆ 8ಎನ್ ತಯಾರಿಸಿತು. 5 ಲಕ್ಷಕ್ಕೂ ಹೆಚ್ಚು ಗಾಡಿ ಹೊರಬಂದವು. ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, 6 ವೋಲ್ಟ್ ಬ್ಯಾಟರಿ, ಚಾರ್ಜಿಂಗ್‌ಗೆ ಡೈನಮೋ. ಮುಖ್ಯವಾದ ವಿಷಯ ಅಂದ್ರೆ ಇದು ಪಾಸಿಟಿವ್ ಅರ್ತ್ ಗಾಡಿ. ಅಂದ್ರೆ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗುತ್ತೆ, ಮೈನಸ್‌ನಲ್ಲಿ ಲೈನ್ ಬರುತ್ತೆ. ಈಗಿನ ಗಾಡಿಗಳಿಗೆ ಇದು ಪೂರ್ತಿ ಉಲ್ಟಾ.

12 ವೋಲ್ಟ್ ಯಾಕೆ?

ಲೆಕ್ಕ ಸುಲಭ. 60 ವ್ಯಾಟ್ ಬಲ್ಬ್ ಉರಿಯೋಕೆ 6 ವೋಲ್ಟ್‌ನಲ್ಲಿ 10 ಆಂಪಿಯರ್ ಬೇಕು, 12 ವೋಲ್ಟ್‌ನಲ್ಲಿ 5 ಸಾಕು. ಕರೆಂಟ್ ಅರ್ಧವಾದ್ರೆ ಅದೇ ವೈರಿನಲ್ಲಿ ಬಿಸಿಯಾಗಿ ಹಾಳಾಗುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತೆ. ಬ್ಯಾಟರಿ, ಬಲ್ಬು ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತವೆ. ಬ್ಯಾಟರಿ ಇಳಿದಾಗ ಕಾರಿನಿಂದ ಜಂಪ್ ಕೊಡಬಹುದು.

ಮೊದಲು ಇಷ್ಟು ನೋಡಿ

ಸ್ಟಾರ್ಟ್ ಆಗಲ್ಲ ಅನ್ನೋ ಒಂದೇ ಕಾರಣಕ್ಕೆ ಬದಲಾಯಿಸೋದು ದುಡ್ಡು ದಂಡ ಆಗಬಹುದು. 6 ವೋಲ್ಟ್ ಗಾಡಿಗೆ ದಪ್ಪ ಕೇಬಲ್ ಬೇಕೇ ಬೇಕು. ಎಷ್ಟೋ ಗಾಡಿಗಳಿಗೆ ಯಾರೋ ಕಾರಿನ ಸಣ್ಣ ಕೇಬಲ್ ಹಾಕಿರ್ತಾರೆ. ಅರ್ತ್ ಕೂರುವ ಜಾಗದಲ್ಲಿ ಪೇಂಟು, ತುಕ್ಕು ಇರುತ್ತೆ. ಟರ್ಮಿನಲ್ ಉಜ್ಜಿ, ದಪ್ಪ ಕೇಬಲ್ ಹಾಕಿ, ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ನೋಡಬೇಕು. ಫುಲ್ ಚಾರ್ಜ್ ಆದ 6 ವೋಲ್ಟ್ ಬ್ಯಾಟರಿ ಸುಮಾರು 6.3 ವೋಲ್ಟ್ ತೋರಿಸುತ್ತೆ. ಇಷ್ಟರಲ್ಲೇ ಗಾಡಿ ಎದ್ದರೆ ಮುಂದಿನ ಖರ್ಚು ಉಳೀತು. ಅರ್ತ್ ಕೆಟ್ಟಿದ್ದರೆ 12 ವೋಲ್ಟ್ ಮಾಡಿದ್ರೂ ಆ ದೋಷ ಹಾಗೇ ಉಳಿಯುತ್ತೆ.

ಏನೇನು ಬದಲಿಸಬೇಕು?

ಬ್ಯಾಟರಿ: 12 ವೋಲ್ಟ್ ಬ್ಯಾಟರಿ ಬರುತ್ತೆ, ಮೈನಸ್ ಬಾಡಿಗೆ ಹೋಗುತ್ತೆ. ಹಳೇದು ಬಿಚ್ಚುವಾಗ ಅರ್ತ್ ಕೇಬಲ್ ಮೊದಲು ತೆಗೀಬೇಕು, ಹೊಸದು ಹಾಕುವಾಗ ಅರ್ತ್ ಕೊನೆಗೆ ಕೊಡಬೇಕು. ಹಳೇ ಗಾಡಿಯಲ್ಲಿ ಅರ್ತ್ ಅಂದ್ರೆ ಪ್ಲಸ್ ಅನ್ನೋದು ಮರೀಬಾರದು.

ಆಲ್ಟರ್ನೇಟರ್: ಡೈನಮೋ, ಕಟೌಟ್ ಎರಡೂ ಹೊರಗೆ. ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರೋದು ಡೆಲ್ಕೊ 10ಎಸ್‌ಐ. ರೆಗ್ಯುಲೇಟರ್ ಅದರೊಳಗೇ ಇದೆ. ದಪ್ಪ ಬೋಲ್ಟ್ ಆಂಪಿಯರ್ ಮೀಟರ್ ಮೂಲಕ ಬ್ಯಾಟರಿಗೆ ಹೋಗುತ್ತೆ. 2ನೇ ನಂಬರ್ ಪಿನ್ ಅದೇ ದಪ್ಪ ಬೋಲ್ಟಿಗೆ ಸೇರುತ್ತೆ. 1ನೇ ನಂಬರ್ ಪಿನ್‌ಗೆ ಇಗ್ನಿಷನ್ ಸ್ವಿಚ್‌ನಿಂದ ಲೈನ್ ಬರಬೇಕು, ಮಧ್ಯೆ ಒಂದು ಡಯೋಡ್ ಅಥವಾ ಸಣ್ಣ ಬಲ್ಬ್ ಇರಲೇಬೇಕು. ಅದಿಲ್ಲದಿದ್ರೆ ಕೀ ಆಫ್ ಮಾಡಿದ್ರೂ ಆಲ್ಟರ್ನೇಟರ್‌ನಿಂದ ಕರೆಂಟ್ ವಾಪಸ್ ಕಾಯಿಲ್‌ಗೆ ಹೋಗಿ ಎಂಜಿನ್ ನಿಲ್ಲದೇ ಓಡ್ತಾ ಇರಬಹುದು. ಬೆಲ್ಟಿನ ಅಗಲಕ್ಕೆ ಪುಲ್ಲಿ ಹೊಂದಬೇಕು.

ಇಗ್ನಿಷನ್ ಕಾಯಿಲ್: ಹೆಚ್ಚು ಜನ ಎಡವೋದು ಇಲ್ಲೇ. 1.5 ಓಮ್‌ನ 6 ವೋಲ್ಟ್ ಕಾಯಿಲ್ 4 ಆಂಪಿಯರ್ ಎಳೆಯುತ್ತೆ. ಅದಕ್ಕೇ ನೇರವಾಗಿ 12 ವೋಲ್ಟ್ ಕೊಟ್ರೆ 8 ಆಂಪಿಯರ್. ಪಾಯಿಂಟ್ ಸುಟ್ಟು, ಕಾಯಿಲ್ ಕಾದು ಹಾಳಾಗುತ್ತೆ. ಕಾಯಿಲ್ ಮತ್ತು ರೆಸಿಸ್ಟರ್ ಸೇರಿ ಒಟ್ಟು 3ರಿಂದ 3.5 ಓಮ್ ಬರುವಂತೆ ಮಲ್ಟಿಮೀಟರ್‌ನಲ್ಲಿ ಅಳೆದು ಹಾಕಬೇಕು. ಅಂಗಡಿಯವರು '12 ವೋಲ್ಟ್ ಕಾಯಿಲ್' ಅಂದ್ರೆ ಸಾಲದು, ಅಳತೆ ನೋಡಲೇಬೇಕು.

8ಎನ್‌ನಲ್ಲಿ ಎರಡು ಬಗೆ ಇದೆ. ಮೊದಲ ವರ್ಷಗಳ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರ್ ಎಂಜಿನ್ ಮುಂಭಾಗದಲ್ಲಿದ್ದು, ಅದರ ಮೇಲೇ ಚೌಕಾಕಾರದ ಕಾಯಿಲ್ ಕೂರುತ್ತೆ. ಇದಕ್ಕೆ ಡ್ಯಾಶ್ ಹಿಂದೆ ಒಂದು ರೆಸಿಸ್ಟರ್ ಮೊದಲಿಂದಲೂ ಇದೆ. ಬೇಡ ಅಂತ ಕಿತ್ತುಹಾಕುವ ಮುಂಚೆ ಒಟ್ಟು ಓಮ್ ಲೆಕ್ಕ ಹಾಕಿ. 1950ರ ಮಧ್ಯದ ನಂತರದ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರ್ ಪಕ್ಕಕ್ಕೆ ಬಂತು, ಕಾಯಿಲ್ ದುಂಡಗಾಯ್ತು. ನೆಗೆಟಿವ್ ಅರ್ತ್ ಆದ ಮೇಲೆ ದುಂಡು ಕಾಯಿಲಿನ ಮೈನಸ್ ಡಿಸ್ಟ್ರಿಬ್ಯೂಟರ್ ಕಡೆ ಹೋಗಬೇಕು.

ಆಂಪಿಯರ್ ಮೀಟರ್: ಎರಡು ವೈರ್ ಅದಲು ಬದಲು ಮಾಡಬೇಕು, ಇಲ್ಲದಿದ್ರೆ ಚಾರ್ಜ್ ಆಗುವಾಗ ಡಿಸ್‌ಚಾರ್ಜ್ ತೋರಿಸುತ್ತೆ. ಹಿಂಬದಿ ಲೂಪ್‌ನಲ್ಲಿ ವೈರ್ ತೂರಿಸುವ ಬಗೆಯಾದ್ರೆ ತೂರಿಸುವ ದಿಕ್ಕು ಬದಲಿಸಬೇಕು.

ಬಲ್ಬು, ವೈರಿಂಗ್: ಬಲ್ಬುಗಳೆಲ್ಲ 12 ವೋಲ್ಟಿನವು ಆಗಬೇಕು. ವೈರ್ ದಪ್ಪ ಸಾಕಾಗುತ್ತೆ ನಿಜ, ಆದ್ರೆ ಎಪ್ಪತ್ತು ವರ್ಷದ ಬಟ್ಟೆ ಹೊದಿಕೆಯ ವೈರ್ ಒಡೆದಿದ್ದರೆ ಶಾರ್ಟ್ ಆಗೋದು ಖಂಡಿತ. ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇದೆ. ಹಳೇ ವೈರ್ ತೆಗೆದು, ಲೈಟ್ ಲೈನಿಗೆ ಫ್ಯೂಸ್ ಹಾಕೋದೇ ಕ್ಷೇಮ.

ಏನು ಬದಲಿಸಬೇಕಿಲ್ಲ?

ಸೆಲ್ಫ್ ಮೋಟರ್ ಹಾಗೇ ಇರಲಿ. ಪ್ಲಸ್ ಮೈನಸ್ ಅದಲು ಬದಲಾದ್ರೆ ಅದು ಉಲ್ಟಾ ತಿರುಗುತ್ತೆ ಅಂತ ಹಲವರ ಭಯ. ತಿರುಗಲ್ಲ. ಫೀಲ್ಡ್ ಕಾಯಿಲ್, ಆರ್ಮೇಚರ್ ಎರಡರಲ್ಲೂ ಕರೆಂಟಿನ ದಿಕ್ಕು ಒಟ್ಟಿಗೇ ಬದಲಾಗೋದ್ರಿಂದ ತಿರುಗುವ ದಿಕ್ಕು ಅದೇ ಇರುತ್ತೆ. ಆದ್ರೆ ಜೋರಾಗಿ ತಿರುಗುತ್ತೆ, ಹಲ್ಲುಗಳಿಗೆ ಪೆಟ್ಟು ಜಾಸ್ತಿ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಬಾರದು, ನಡುವೆ ತಣ್ಣಗಾಗೋಕೆ ಬಿಡಬೇಕು.

ಸೊಲೆನಾಯ್ಡ್ ವಿಷಯದಲ್ಲಿ ಜೀವದ ಪ್ರಶ್ನೆ

8ಎನ್‌ನ ಸ್ಟಾರ್ಟ್ ಬಟನ್ ಗೇರ್ ಲಿವರ್ ಪಕ್ಕದಲ್ಲಿದೆ. ಗೇರ್ ನ್ಯೂಟ್ರಲ್‌ನಲ್ಲಿದ್ರೆ ಮಾತ್ರ ಕೆಲಸ ಮಾಡುವ ಹಾಗೆ ಅದನ್ನು ಮಾಡಿದ್ದಾರೆ. ಈ ಬಟನ್ ಸೊಲೆನಾಯ್ಡ್‌ಗೆ ಪ್ಲಸ್ ಕೊಡೋದಿಲ್ಲ, ಅರ್ತ್ ಕೊಡುತ್ತೆ. ಹಾಗಾಗಿ ಹೊಸ 12 ವೋಲ್ಟ್ ಸೊಲೆನಾಯ್ಡ್ ಕೂಡ ಅರ್ತ್ ಸಿಕ್ಕಿದಾಗ ಎಳೆಯುವ ಬಗೆಯದ್ದೇ ಬೇಕು. ತಪ್ಪಾದದ್ದು ತಂದು, ಬಟನ್ ಕೆಲಸ ಮಾಡಲಿಲ್ಲ ಅಂತ ಬೇರೆ ಸ್ವಿಚ್ ಹಾಕೋದು, ನೆಲದಲ್ಲಿ ನಿಂತು ಸ್ಕ್ರೂಡ್ರೈವರ್‌ನಿಂದ ಟರ್ಮಿನಲ್ ತಾಗಿಸಿ ಸ್ಟಾರ್ಟ್ ಮಾಡೋದು ಬಹಳ ಅಪಾಯ. ಗಾಡಿ ಗೇರ್‌ನಲ್ಲಿದ್ರೆ ಎಂಜಿನ್ ಎದ್ದ ಕ್ಷಣವೇ ಹೊರಡುತ್ತೆ. ದೊಡ್ಡ ಹಿಂದಿನ ಚಕ್ರದ ಮುಂದೆ ನಿಂತವರಿಗೆ ಪಕ್ಕಕ್ಕೆ ಹಾರೋಕೂ ಸಮಯ ಸಿಗಲ್ಲ.

ಕೆಲಸ ಮುಗಿದ ಮೇಲೆ

ಬ್ಯಾಟರಿ ಕೊಡುವ ಮುಂಚೆ ಪ್ಲಸ್ ಮೈನಸ್ ಇನ್ನೊಂದು ಸಲ ನೋಡಿ. ಉಲ್ಟಾ ತಾಗಿದ್ರೆ ಆಲ್ಟರ್ನೇಟರ್ ಒಳಗಿನ ಡಯೋಡ್‌ಗಳು ಕ್ಷಣದಲ್ಲಿ ಹೋಗುತ್ತವೆ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಸುಮಾರು 13.8ರಿಂದ 14.5 ವೋಲ್ಟ್ ಬರಬೇಕು. ಹತ್ತು ನಿಮಿಷ ಓಡಿಸಿ ಕಾಯಿಲ್ ವಿಪರೀತ ಕಾದಿದೆಯಾ ನೋಡಿ. ಕೀ ಆಫ್ ಮಾಡಿದ್ರೆ ಎಂಜಿನ್ ನಿಲ್ಲಬೇಕು.

ಬಿಚ್ಚಿದ ಡೈನಮೋ, ಕಟೌಟ್ ಗುಜರಿಗೆ ಹಾಕಬೇಡಿ. ಹಳೇ ಗಾಡಿ ಕೊಳ್ಳುವವರಲ್ಲಿ ಒರಿಜಿನಲ್ ಸಾಮಾನಿಗೆ ಬೆಲೆ ಕೊಡೋರು ಇದ್ದಾರೆ. ಬ್ಯಾಟರಿ ಪಕ್ಕದಲ್ಲಿ '12 ವೋಲ್ಟ್, ನೆಗೆಟಿವ್ ಅರ್ತ್' ಅಂತ ಪೇಂಟಿನಲ್ಲಿ ಬರೆದಿಡಿ. ಮುಂದೆ ಆ ಗಾಡಿ ಮುಟ್ಟುವ ಮೆಕ್ಯಾನಿಕ್ ಹಳೇ ಪುಸ್ತಕ ನೋಡಿ ಪ್ಲಸ್ಸನ್ನ ಬಾಡಿಗೆ ಕೊಡೋದು ತಪ್ಪುತ್ತೆ.