ಹೃದಯ ಕಸಿಯೂ ಕಿರಣ ಚಿಕಿತ್ಸೆಯೂ

1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕೆಯ ಕೇಪ್‌ಟೌನ್ ನಗರದ ಗ್ರೂಟೆ ಶೂರ್ ಆಸ್ಪತ್ರೆಯಲ್ಲಿ ಡಾ. ಕ್ರಿಸ್ಟಿಯಾನ್ ಬರ್ನಾರ್ಡ್ ಅವರು, ಅಪಘಾತದಲ್ಲಿ ಮಡಿದ ತರುಣಿಯೊಬ್ಬಳ ಹೃದಯವನ್ನು ಲೂಯಿ ವಾಶ್ಕಾನ್‌ಸ್ಕಿ ಎಂಬವರ ಎದೆಯಲ್ಲಿ ನೆಲೆಗೊಳಿಸಿದರು. ಜಗತ್ತೇ ಬೆರಗಾಯಿತು. ಆದರೆ 18 ದಿನಗಳಲ್ಲಿ ವಾಶ್ಕಾನ್‌ಸ್ಕಿ ನ್ಯುಮೋನಿಯಾದಿಂದ ತೀರಿಕೊಂಡರು. ವಾಚಕ ಬಂಧುಗಳೇ, ಈ ಸಾವು ಶಸ್ತ್ರವೈದ್ಯನ ಕೈ ತಪ್ಪಿದ್ದರಿಂದ ಬಂದುದಲ್ಲ. ಹೊಸ ಹೃದಯವನ್ನು ದೇಹವು ತಿರಸ್ಕರಿಸದಿರಲೆಂದು ಔಷಧಿಗಳಿಂದಲೂ ಕೋಬಾಲ್ಟ್ ಕಿರಣಗಳಿಂದಲೂ ರೋಗನಿರೋಧ ಶಕ್ತಿಯನ್ನು ಕುಗ್ಗಿಸಲಾಗಿತ್ತು. ಸೋಂಕಿಗೆ ಅದೇ ಬಾಗಿಲಾಯಿತು. ಅಂಗ ಕಸಿಯ ಇತಿಹಾಸವೆಂದರೆ ಬಹುಮಟ್ಟಿಗೆ ಈ ಇಕ್ಕಟ್ಟಿನ ಇತಿಹಾಸವೇ ಆಗಿದೆ.

ನಮ್ಮ ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿಯ ಕಣಗಳಿವೆ. ಸ್ವಂತದ್ದು ಯಾವುದು, ಪರಕೀಯವಾದುದು ಯಾವುದು ಎಂದು ವಿವೇಚಿಸಿ ರೋಗಾಣುಗಳನ್ನು ಸಂಹರಿಸುವ ಈ ಕಾವಲುಗಾರರು, ಪ್ರಾಣ ಉಳಿಸಲು ಬಂದ ಹೃದಯವನ್ನೂ ಶತ್ರುವೆಂದೇ ಬಗೆಯುತ್ತವೆ. ಆದರೆ ಇವು ವಿಕಿರಣಕ್ಕೆ ಬಹುಬೇಗ ಸೋಲುತ್ತವೆ. ಇದನ್ನರಿತು 1959ರ ಜನವರಿಯಲ್ಲಿ ಬಾಸ್ಟನ್ನಿನ ಡಾ. ಜೋಸೆಫ್ ಮರ್ರೆ ಅವರು ಒಬ್ಬ ರೋಗಿಯ ಇಡೀ ದೇಹಕ್ಕೆ ಕಿರಣ ಹಾಯಿಸಿ, ತದ್ರೂಪಿಯಲ್ಲದ ಅವಳಿ ಸೋದರನ ಮೂತ್ರಪಿಂಡವನ್ನು ಕಸಿ ಮಾಡಿದರು. ಆ ರೋಗಿ ಸುಮಾರು 20 ವರ್ಷ ಬದುಕಿದನು. ಆದರೆ ಅದೇ ವಿಧಾನಕ್ಕೆ ಒಳಗಾದ ಉಳಿದವರಲ್ಲಿ ಬಹುಮಂದಿ ಬದುಕಲಿಲ್ಲ. ಇಡೀ ದೇಹವನ್ನು ಸುಡುವ ಕಿರಣವು ರಕ್ತವನ್ನು ಹುಟ್ಟಿಸುವ ಅಸ್ಥಿಮಜ್ಜೆಯನ್ನೂ ಬಿಡುವುದಿಲ್ಲವಷ್ಟೆ.

ಮುಂದಿನ ದಾರಿ ಅನಿರೀಕ್ಷಿತವಾದ ಕಡೆಯಿಂದ ತೆರೆಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡಾ. ಹೆನ್ರಿ ಕ್ಯಾಪ್ಲನ್ ಅವರು ಹಾಡ್ಜ್‌ಕಿನ್ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರಿಗೆ ಕಿರಣ ಚಿಕಿತ್ಸೆ ನೀಡುತ್ತಿದ್ದರು. ಕುತ್ತಿಗೆ, ಕಂಕುಳು, ಎದೆ, ಹೊಟ್ಟೆ, ತೊಡೆಸಂದುಗಳ ಗ್ರಂಥಿಗಳಿಗೆ ಮಾತ್ರ ಕಿರಣ ತಾಗಿಸಿ, ಉಳಿದ ಭಾಗಗಳನ್ನು ಸೀಸದ ಮರೆಯಿಂದ ಕಾಪಾಡುವುದು ಅದರ ಕ್ರಮ. ಹೀಗೆ ಗುಣಹೊಂದಿದವರ ರೋಗನಿರೋಧ ಶಕ್ತಿಯು ಬಹುಕಾಲ ಮಾರ್ಪಟ್ಟೇ ಇರುವುದು ಕಂಡುಬಂದಿತು. 1970ರ ದಶಕದಲ್ಲಿ ಡಾ. ಸ್ಯಾಮ್ಯುಯೆಲ್ ಸ್ಟ್ರೋಬರ್ ಮತ್ತು ಸಂಗಡಿಗರು ಇದನ್ನೇ ಇಲಿಗಳಲ್ಲಿ ಪ್ರಯೋಗಿಸಿ, ಪರಕೀಯ ಅಂಗಾಂಶವನ್ನು ದೇಹವು ಸಹಿಸಿಕೊಳ್ಳಬಲ್ಲದೆಂದು ತೋರಿಸಿದರು.

ಅದೇ ಸ್ಟ್ಯಾನ್‌ಫರ್ಡಿನಲ್ಲಿ ಡಾ. ನಾರ್ಮನ್ ಶಮ್‌ವೇ ಅವರು 1968ರಲ್ಲಿ ಆರಂಭಿಸಿದ ಹೃದಯ ಕಸಿಯನ್ನು, ಅನೇಕ ಕಡೆ ಕೈಬಿಟ್ಟಾಗಲೂ, ತಾಳ್ಮೆಯಿಂದ ಮುಂದುವರಿಸಿದ್ದರು. 1980ರಲ್ಲಿ ಅಲ್ಲಿ ಬಳಕೆಗೆ ಬಂದ ಸೈಕ್ಲೋಸ್ಪೋರಿನ್ ಔಷಧಿಯು ಕಸಿಗೊಂಡವರ ಆಯುಷ್ಯವನ್ನು ಹೆಚ್ಚಿಸಿತು. ಆದರೂ ಕೆಲವರ ದೇಹವು ಎಲ್ಲ ಔಷಧಿಗಳನ್ನೂ ಮೀರಿ ಹೃದಯವನ್ನು ಮತ್ತೆ ಮತ್ತೆ ತಿರಸ್ಕರಿಸುತ್ತಿತ್ತು. ಅಂಥವರಿಗಾಗಿ 1980ರ ದಶಕದ ಕೊನೆಯ ಹೊತ್ತಿಗೆ ಗ್ರಂಥಿಗಳ ಕಿರಣ ಚಿಕಿತ್ಸೆಯನ್ನು ಕೈಗೊಳ್ಳಲಾಯಿತು. ವಾರಕ್ಕೆ 2 ಬಾರಿಯಂತೆ 5 ವಾರ, ಪ್ರತಿ ಬಾರಿ 0.8 ಗ್ರೇ, ಒಟ್ಟು 8 ಗ್ರೇ: ಇದು ರೂಢಿಗೆ ಬಂದ ಪ್ರಮಾಣ. ಹಾಡ್ಜ್‌ಕಿನ್ ರೋಗಕ್ಕೆ ಆಗ ಕೊಡುತ್ತಿದ್ದುದು 40 ಗ್ರೇ ಆಸುಪಾಸು ಎಂಬುದನ್ನು ನೆನೆದರೆ ಇದರ ಮಿತಿ ತಿಳಿಯುತ್ತದೆ. ಅನೇಕರಲ್ಲಿ ತಿರಸ್ಕಾರದ ಆವೇಗ ತಗ್ಗಿತು. ಬಿಳಿಯ ಕಣಗಳೂ ಕಿರುಬಿಲ್ಲೆಗಳೂ ಕುಸಿದರೆ ಚಿಕಿತ್ಸೆಯನ್ನು ತಡೆಹಿಡಿಯಬೇಕಾಗುತ್ತದೆ. ಸೋಂಕಿನ ಭಯವಂತೂ ಇದ್ದೇ ಇದೆ. ಆದ್ದರಿಂದ ಹೊಸ ಔಷಧಿಗಳು ಬಂದಿರುವ ಇಂದು ಇದು ಉಳಿದ ಉಪಾಯಗಳು ಸೋತಾಗ ಮಾತ್ರ ಕೆಲವೆಡೆ ಹಿಡಿಯುವ ದಾರಿಯಾಗಿದೆ.

1959ರಲ್ಲಿ ಇಡೀ ದೇಹವನ್ನು ಆವರಿಸಿದ್ದ ಕಿರಣವು ಮುಂದೆ ಗ್ರಂಥಿಗಳಿಗಷ್ಟೇ ಸೀಮಿತವಾಯಿತು, ಪ್ರಮಾಣವೂ ಇಳಿಯಿತು. ಕಾವಲನ್ನು ಕೊಲ್ಲದೆ ಶಾಂತಗೊಳಿಸುವುದೇ ಗುರಿಯಾಯಿತು. ಒಂದು ಮನೆಯ ದುಃಖದ ನಡುವೆ ದೊರೆತ ಹೃದಯವು ಮತ್ತೊಂದು ಮನೆಯಲ್ಲಿ ಮಿಡಿಯುತ್ತಲೇ ಇರಲೆಂಬ ಹಂಬಲವೇ ಈ ಮಿತಿಯನ್ನು ವೈದ್ಯರಿಗೆ ಕಲಿಸಿತು.